ಒದ್ದೆ ಗುಜರಿ

ಹುಣಸೂರು
9-2-2025

ಪ್ರೀತಿಯ ನಂಜಣ್ಣನಿಗೆ,

ವೀರಭದ್ರಸ್ವಾಮಿಯ ನಮಸ್ಕಾರ. ಗಾವಡಗೆರೆಯಂಥ ಹತ್ತಿರದ ಊರಿಗೆ ಕಾಗದ ಬರೆಯುವ ಮೂರ್ಖ ನಾನೊಬ್ಬನೇ ಇರಬೇಕು, ಅದೂ ಎರಡು ತಿಂಗಳು ತಡವಾಗಿ. ಬೈದುಕೋ. ಕುಲುಮೆ ಸಿಡಿದು ನಿನ್ನ ಕಣ್ಣು ಹೋದ ಮೇಲೆ ಇದನ್ನು ನಿನ್ನ ಮಗಳೇ ಓದಿ ಹೇಳಬೇಕು. ವಾಣಿಶ್ರೀ, ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಸಹಿಸಿಕೋ ತಾಯಿ.

ನನ್ನ ಎಡಗೈಯ ಸುಟ್ಟಗಾಯ ಮಾಗಿದೆ. ಎರಡು ಬೆರಳು ಮಡಚಲು ಬರುವುದಿಲ್ಲ. ನನ್ನ ಹೆಂಡತಿ ಸರ್ವಮಂಗಳ, "ಇನ್ನೇನ್ ಕೋಲಾಟ ಆಡ್ಬೇಕಾಗಿತ್ತಾ, ಬುಡಿ" ಅನ್ನುತ್ತಾಳೆ. ಕಬ್ಬಿಣ ಕರಗಿಸುವ ನಮ್ಮ ಕುಲುಮೆಗೆ ಹೊಸ ಇಟ್ಟಿಗೆ ಕಟ್ಟಿದ್ದಾರೆ. ನಿನ್ನ ಜಾಗಕ್ಕೆ ಪಿರಿಯಾಪಟ್ಟಣದ ಚೆಲುವರಾಜು ಎಂಬುವನು ಬಂದಿದ್ದಾನೆ. ಹೆಣ್ಣು ನೋಡಲು ಬಂದ ಬೀಗರ ಹಾಗೆ ಒಂದೊಂದು ಗುಜರಿ ಚೂರನ್ನೂ ತಿರುಗಿಸಿ ನೋಡಿ ಸುರಿಯುತ್ತಾನೆ. ಸಂಜೆಯಾದರೂ ಕೆಲಸ ಮುಗಿಯುವುದಿಲ್ಲ.

ತನಿಖೆಯ ವರದಿ ಬಂತು. "ಒದ್ದೆ ಗುಜರಿ ಸುರಿದದ್ದೇ ಸ್ಫೋಟಕ್ಕೆ ಕಾರಣ" ಎಂದಿದೆ. ಅಂದರೆ ತಪ್ಪು ನಿನ್ನದು, ಕೆಲಸದಿಂದ ತೆಗೆದ ಕಾಗದವೂ ಬರಲಿದೆ. ನಮ್ಮ ಜೊತೆ ಕೆಲಸ ಮಾಡುವ ಬಸವರಾಜು ನಿನ್ನನ್ನು ನೋಡಿಬಂದು ಹೇಳಿದ: "ನಂಜಣ್ಣ ಯಾರ್‍ನೂ ಬೈತಾ ಇಲ್ಲ ಕಣಣ್ಣ. 'ನಾನೇ ಸರ್‍ಯಾಗಿ ನೋಡ್ನಿಲ್ಲ, ಸ್ವಾಮಿ ಕೈನೂ ಸುಟ್ಬುಟ್ಟೆ' ಅಂತ ಅಳ್ತಾನೆ." ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ವಾಣಿಶ್ರೀಗೆ ಪರೀಕ್ಷೆ ಸುಸೂತ್ರವಾಗಿ ಆಗಲಿ. ನಿನ್ನ ಮನೆಗೆ ಆ ಶಿವ ನೆಮ್ಮದಿ ಕೊಡಲಿ.

ನಿನ್ನ
ವೀರಭದ್ರಸ್ವಾಮಿ

ಮರೆತ ಮಾತು: ಮರೆತದ್ದಲ್ಲ. ವಾಣಿಶ್ರೀ, ಇದನ್ನು ಗಟ್ಟಿಯಾಗಿ ಓದು.

ನಂಜಣ್ಣ, ನಿನ್ನ ಗುಜರಿ ಒಣಗಿತ್ತು. ಅವತ್ತು ಕಡೇ ಕಾರ್ತಿಕ ಸೋಮವಾರ. ಬೆಂಕಿಗೊಂದು ಪೂರ್ಣಾಹುತಿ ಕೊಡೋಣವೆಂದು, ನೀನು ಗುಜರಿ ತರಲು ಹೋದಾಗ ಕುಲುಮೆಯೊಳಗೆ ಇಡೀ ತೆಂಗಿನಕಾಯಿ ಬಿಟ್ಟೆ. ಹೋಮಕ್ಕೆ ಹಾಕುವುದು ಒಣಗಿದ ಕೊಬ್ಬರಿ ಗಿಟುಕು. ನಾನು ಹಾಕಿದ್ದು ನೀರು ತುಂಬಿದ ಕಾಯಿ. ಅದರ ಮೇಲೆ ನೀನು ಗುಜರಿ ಸುರಿದೆ. ಕಾಯಿಯ ನೀರು ಆವಿಯಾಗಿ ಸಿಡಿಯಿತು. ತನಿಖೆಯವರು ಕೇಳಿದಾಗ "ಗುಜರಿ ಒದ್ದೆ ಇತ್ತು" ಅಂದವನೂ ನಾನೇ.

ನಾಳೆ ಹೋಗಿ ಅವರಿಗೆ ನಿಜ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು. ಎದುರಿಗೆ ಬಂದು ಹೇಳಲು ಧೈರ್ಯ ಸಾಲಲಿಲ್ಲ, ನೀನು ನನ್ನ ಮುಖ ನೋಡಲಾರೆ ಎಂದು ಗೊತ್ತಿದ್ದೂ.