ಕೀಳದೆ ಉಳಿದ ಸ್ವಿಚ್ಚು

ಹಾಲಸ್ವಾಮಿ,

ಕಳಿಸಿದವರ ಹೆಸರು ನೋಡಿದರೆ ನೀನು ಕವರನ್ನು ಒಡೆಯದೆ ಮೂಲೆಗೆ ಎಸೆಯುತ್ತೀಯ ಎಂದು ಹೆಸರು ಬರೆದಿಲ್ಲ. ನೋಡು, ಇಪ್ಪತ್ತೆರಡು ವರ್ಷದ ಮೇಲೆ ಬರೆಯುವ ಪತ್ರವನ್ನೂ ಕಳ್ಳತನದಿಂದಲೇ ಶುರು ಮಾಡಿದೆ. ನಾನು ಶಿವರಾಜ.

ಬೆಳಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮಾಚೇನಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ನನಗೆಂದೇ ಒಂದು ಗಾಜಿನ ರೂಮಿದೆ. ಅದರೊಳಗೆ ನಾನು ಅತ್ತಿಂದಿತ್ತ ಓಡಾಡುವುದನ್ನು ಅರವತ್ತು ಜನ ನೋಡುತ್ತಿದ್ದಾರೆ. ಟೀ ಮೂರು ಸಲ ಬಂತು, ಮೂರು ಸಲವೂ ಆರಿಹೋಯಿತು. ಕಂಪನಿಗೆ ಇಪ್ಪತ್ತೈದು ತುಂಬಿದ್ದಕ್ಕೆ ಒಂದು ಪುಸ್ತಕ ತರುತ್ತಿದ್ದೇವೆ. ನಮ್ಮ ಚರಿತ್ರೆಯಂತೆ. ಆಫೀಸಿನ ಸುಷ್ಮಾ ಬರೆದಿದ್ದಾಳೆ, ಚುರುಕಿನ ಹುಡುಗಿ. ನಾನು ಓದಿ ಸಹಿ ಹಾಕಿದರೆ ಸಂಜೆ ಪ್ರೆಸ್ಸಿಗೆ ಹೋಗುತ್ತದೆ.

ಮೊದಲ ಪುಟದಲ್ಲಿ ಸವಳಂಗ ರಸ್ತೆಯ ಸೈಕಲ್ ಅಂಗಡಿಯ ಹಿಂದಿನ ನಮ್ಮ ಕೋಣೆಯಿದೆ. ಭದ್ರಾವತಿಯ ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಇಬ್ಬರು ಅಲ್ಲಿ ಕೆಂಪು ದೀಪಗಳನ್ನು ಬೆಸೆದು ಅಂಕಿ ಮೂಡಿಸಿದ್ದು ಇದೆ. ನನ್ನ ಹೆಸರಿನಿಂದ ಅರ್ಧ, ನಿನ್ನ ಹೆಸರಿನಿಂದ ಅರ್ಧ ತೆಗೆದು ಶಿವಹಾಲ ಎಂದು ನೀನೇ ಇಟ್ಟೆಯಲ್ಲ, ಅದು ಇವತ್ತಿಗೂ ಗೇಟಿನ ಮೇಲಿದೆ. ನಮ್ಮವರೆಲ್ಲ ಯಾವುದೋ ದೇವರ ಹೆಸರು ಅಂದುಕೊಂಡು ಒಳಗೆ ಬರುವಾಗ ಕೈ ಮುಗಿಯುತ್ತಾರೆ. ನಾನು ತಿದ್ದಲಿಲ್ಲ. ಡೈರಿಯ ಬೋರ್ಡು, ಬ್ಯಾಂಕಿನ ಟೋಕನ್ ಬೋರ್ಡು, ಅಡಿಕೆ ಮಂಡಿಯ ರೇಟಿನ ಬೋರ್ಡು, ಎಲ್ಲದರ ಫೋಟೋ ಹಾಕಿದ್ದಾಳೆ. ಕಷ್ಟ ಇರುವುದು ಎರಡನೇ ಪುಟದಲ್ಲಿ.

ಆ ಪುಟದಲ್ಲಿ ನಮಗೆ ಹೆಸರು ತಂದ ಮೊದಲ ದೊಡ್ಡ ಬೋರ್ಡು ಇದೆ. ನೀನು ಹಗಲು ಕೆಲಸ ಮಾಡುತ್ತಿದ್ದ ಫೌಂಡ್ರಿಯಲ್ಲಿ ಮ್ಯಾನೇಜರ ಹಿಂದೆ ಬಿದ್ದು ಆ ಆರ್ಡರ್ ತಂದವನು ನೀನು. 'ಅಪಘಾತವಿಲ್ಲದ ದಿನಗಳು' ಎಂಬ ಅಕ್ಷರ, ಕೆಳಗೆ ಮೂರು ಅಂಕಿ. ದಿನಕ್ಕೊಂದು ತಾನಾಗಿ ಏರಬೇಕು, ಯಾರಿಗಾದರೂ ಪೆಟ್ಟಾದರೆ ಬೋರ್ಡಿನ ಮುಂಭಾಗದ ಕೆಂಪು ಗುಂಡಿ ಒತ್ತಿ ಸೊನ್ನೆ ಮಾಡಬೇಕು. ನೀನು ಹಟ ಹಿಡಿದಿದ್ದು ನೆನಪಿದೆ. "ಸೊನ್ನೆ ಮಾಡೋದು ಯಾರ ಕೈಗಾದ್ರೂ ಸಿಗ್ಲಿ ಮಾರಾಯ. ಏರ್ಸೋದು ಮಾತ್ರ ಯಾರ ಕೈಗೂ ಸಿಗ್ಬಾರ್ದು." ಹಾಗೇ ಮಾಡಿದೆವು. ಆದರೆ ಪರೀಕ್ಷೆ ಮಾಡಲು ಬೇಕಲ್ಲ ಎಂದು ಪೆಟ್ಟಿಗೆಯೊಳಗೆ, ಕಾಣದ ಕಡೆ, ಒಂದು ಪುಟ್ಟ ಸ್ವಿಚ್ಚು ಇಟ್ಟೆವು. ಅದನ್ನು ಒತ್ತಿದರೆ ಬೇಕಾದ ಅಂಕಿ ಕೂರಿಸಬಹುದು. ಬೆಸೆದವನು ನೀನೇ. ಕಳಿಸುವ ಮುಂಚೆ ಕಿತ್ತುಹಾಕು ಎಂದು ನೀನು ನನಗೆ ಹೇಳಿದೆ. ಆಯ್ತು ಎಂದ ನಾನು ಸೋಮಾರಿತನಕ್ಕೆ ಹಾಗೇ ಬಿಟ್ಟೆ. ಆಗ ಅದು ಬರೀ ಸೋಮಾರಿತನವಾಗಿತ್ತು, ನಂಬು.

ಬೋರ್ಡು ನೂರ ತೊಂಬತ್ತಾರು ತೋರಿಸುತ್ತಿದ್ದ ದಿನ ಅಚ್ಚು ಒತ್ತುವ ಯಂತ್ರಕ್ಕೆ ನಿನ್ನ ಬಲಗೈ ಸಿಕ್ಕಿತು. ಎರಡು ಬೆರಳು ಹೋದವು. ನಿನ್ನ ಪಕ್ಕದಲ್ಲಿದ್ದ ಪುಟ್ಟಯ್ಯ ರಕ್ತದ ಕೈಯಲ್ಲೇ ಓಡಿಹೋಗಿ ಕೆಂಪು ಗುಂಡಿ ಒತ್ತಿದನಂತೆ. ನೀನು ಹೇಳಿಕೊಟ್ಟಂತೆ.

ಮರುದಿನ ಬೆಳಗ್ಗೆ ನಾನು ಆಸ್ಪತ್ರೆಗೆ ಹೊರಟಿದ್ದೆ. ಮ್ಯಾನೇಜರು ಫೋನ್ ಮಾಡಿದರು. ಪುಣೆಯಿಂದ ದೊಡ್ಡ ಗಿರಾಕಿಗಳು ಬರುತ್ತಿದ್ದಾರೆ, ಗೋಡೆಯ ಮೇಲೆ ಸೊನ್ನೆ ಇದ್ದರೆ ಚೆನ್ನಾಗಿರಲ್ಲ, ಏನಾದರೂ ಮಾಡಿ, ಮುಂದೆ ನಿಮಗೂ ಒಳ್ಳೆಯದಾಗುತ್ತದೆ ಎಂದರು. ಆಗುವುದಿಲ್ಲ ಎಂದಿದ್ದರೆ ಸಾಕಿತ್ತು, ಅವರಿಗೇನು ಗೊತ್ತಾಗುತ್ತಿತ್ತು? ನಾನು ಸ್ಕ್ರೂಡ್ರೈವರ್ ಹಿಡಿದು ಹೋದೆ. ಹತ್ತೇ ನಿಮಿಷದ ಕೆಲಸ. ನೂರ ತೊಂಬತ್ತೇಳು ಕೂರಿಸಿದೆ. ಕೈ ತೊಳೆದುಕೊಂಡು ಮೂಸಂಬಿ ಕೊಂಡು ನಿನ್ನ ಹಾಸಿಗೆಯ ಪಕ್ಕ ಬಂದು ಕೂತೆ. ನೀನು ನನ್ನನ್ನೇ ಸಮಾಧಾನ ಮಾಡಿದೆ.

ಒಂದೂವರೆ ತಿಂಗಳಾದ ಮೇಲೆ ನೀನು ಫೌಂಡ್ರಿಗೆ ಹೋಗಿ ಬೋರ್ಡು ನೋಡಿದೆ. ಇನ್ನೂರ ನಲವತ್ತೊಂದು. ಸಂಜೆ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತೆ, ಒಳಗೆ ಬರಲಿಲ್ಲ. ಬೈಯಲೂ ಇಲ್ಲ. "ಆ ಸ್ವಿಚ್ಚು ಕಿತ್ತಿರ್ಲಿಲ್ವಾ, ಶಿವು?" ಅಂದೆ, ಅಷ್ಟೇ. ಲೋಕದಲ್ಲಿ ಅದು ಗೊತ್ತಿದ್ದವರು ನಾವಿಬ್ಬರೇ. ನಾನು ಬಾಯಿ ಬಿಡಲಿಲ್ಲ, ಬೆಸುಗೆಯ ಕಡ್ಡಿ ಕೈಯಲ್ಲೇ ಇತ್ತು, ಹೊಗೆ ಬರುತ್ತಿತ್ತು. ನೀನು ಎಲ್ಲ ಬಿಟ್ಟು ಹೊಳೆಹೊನ್ನೂರಿನ ಬಸ್ಸು ಹತ್ತಿದೆ. ಐನೂರು ದಿನ ತುಂಬಿದಾಗ ಫೌಂಡ್ರಿಯಲ್ಲಿ ಸಿಹಿ ಹಂಚಿದರು. ಪೇಪರಿನಲ್ಲಿ ಆ ಬೋರ್ಡಿನ ಜೊತೆ ನನ್ನ ಫೋಟೋ ಬಂತು. ಆಮೇಲೆ ಆರ್ಡರುಗಳಿಗೆ ಕೊರತೆಯಾಗಲಿಲ್ಲ.

ಆ ಫೋಟೋವನ್ನೇ ಸುಷ್ಮಾ ಎರಡನೇ ಪುಟಕ್ಕೆ ಆರಿಸಿದ್ದಾಳೆ. ಫೌಂಡ್ರಿಯವರು ಆ ಹಳೆಯ ಬೋರ್ಡನ್ನು ನಮ್ಮ ಬಾಗಿಲಲ್ಲಿ ನೇತುಹಾಕಲು ಉಡುಗೊರೆಯಾಗಿ ಕಳಿಸಿದ್ದಾರೆ. ಫೌಂಡ್ರಿಯ ಮಾಲೀಕರೇ ನಮ್ಮ ಇಪ್ಪತ್ತೈದರ ಸಮಾರಂಭದ ಮುಖ್ಯ ಅತಿಥಿ. ನನ್ನ ಹೆಂಡತಿಯ ತಮ್ಮ ಮಲ್ಲೇಶ ಈಗ ಪಾಲುದಾರ. ಅವನಿಗೆ ನಿನ್ನೆ ಎಲ್ಲ ಹೇಳಿದೆ. "ಹಳೇದನ್ನ ಕೆದಕ್ಬೇಡಿ ಭಾವ. ಅವ್ರೇ ಮರ್ತಿರ್ತಾರೆ," ಅಂದ. ನೀನು ಮೂರು ಬೆರಳಿನಲ್ಲಿ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುತ್ತೀಯಂತೆ. ದಿನಾ ಆ ಕೈ ನೋಡುವವನು ಹೇಗೆ ಮರೆಯುತ್ತಾನೆ? ಎರಡು ಸಲ ಹೊಳೆಹೊನ್ನೂರಿಗೆ ಬಂದು ನಿನ್ನ ಅಂಗಡಿಯ ಮುಂದೆ ಕಾರು ನಿಧಾನ ಮಾಡಿದ್ದೇನೆ. ಇಳಿಯಲಿಲ್ಲ. ನಾಚಿಕೆಯಾಗುತ್ತದೆ, ಹಾಲಸ್ವಾಮಿ.

ಪತ್ರ ಇಲ್ಲಿಗೆ ನಿಲ್ಲಿಸಿ ಎದ್ದೆ. ಈಗ ಮತ್ತೆ ಕೂತಿದ್ದೇನೆ, ಸಂಜೆಯಾಗಿದೆ.

ಎರಡನೇ ಪುಟದಿಂದ ಆ ಫೋಟೋ ತೆಗೆದುಹಾಕಿಸಿದೆ. ಅಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದೆ, ನಿನ್ನ ಪೂರ್ತಿ ಹೆಸರು, ತಾರೀಖು, ಸ್ಕ್ರೂಡ್ರೈವರ್ ಸಮೇತ. ಸುಷ್ಮಾ ಓದಿ, ಸರ್ ಇದನ್ನ ನಿಜವಾಗ್ಲೂ ಹಾಕೋದಾ ಎಂದಳು. ಸಹಿ ಮಾಡಿ ಕೊಟ್ಟೆ. ಪ್ರೆಸ್ಸಿಗೆ ಹೋಯಿತು. ಮಲ್ಲೇಶನ ಫೋನು ಬರುತ್ತಲೇ ಇದೆ, ಎತ್ತುತ್ತಿಲ್ಲ. ಮಾಲೀಕರು ಸಮಾರಂಭಕ್ಕೆ ಬರಲಿಕ್ಕಿಲ್ಲ, ಅವರ ಆರ್ಡರುಗಳೂ ಬರಲಿಕ್ಕಿಲ್ಲ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಆ ಬೋರ್ಡನ್ನು ಮೇಜಿನ ಮೇಲೆ ಮಲಗಿಸಿ ಬೆನ್ನು ಬಿಚ್ಚಿದೆ. ನೀನು ಹಾಕಿದ ಬೆಸುಗೆ ಎಷ್ಟು ಗಟ್ಟಿ ಮಾರಾಯ, ಕರಗಿಸಲು ಸಾಕುಸಾಕಾಯಿತು. ಕೊನೆಗೆ ಮುಚ್ಚಿ, ಬಾಗಿಲಲ್ಲಿ ನೇತುಹಾಕಿ, ಪ್ಲಗ್ ಹಾಕಿ, ಕೆಂಪು ಗುಂಡಿ ಒತ್ತಿದೆ. ಈಗ ಬಾಗಿಲಲ್ಲಿ ಸೊನ್ನೆ ಉರಿಯುತ್ತಿದೆ. ಒಳಗೆ ಬರುವವರೆಲ್ಲ ಏನಾಯ್ತು, ಯಾರಿಗೆ ಪೆಟ್ಟಾಯ್ತು ಎಂದು ಕೇಳುತ್ತಿದ್ದಾರೆ. ಹೇಳುತ್ತಿದ್ದೇನೆ.

ಕ್ಷಮಿಸು ಎಂದು ಕೇಳಲು ಇದನ್ನು ಬರೆಯಲಿಲ್ಲ, ಸಮಾರಂಭಕ್ಕೆ ಕರೆಯುವ ಧೈರ್ಯವೂ ಇಲ್ಲ. ಅವತ್ತು ಬಾಗಿಲಲ್ಲಿ ನಿಂತು ಕೇಳಿದೆಯಲ್ಲ, ಅದಕ್ಕೆ ಉತ್ತರ ಕೊಡುವುದು ಬಾಕಿಯಿತ್ತು. ಕವರಿನ ತಳದಲ್ಲಿ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ, ತಡವಿ ನೋಡು.

ಕಿತ್ತಿದ್ದೇನೆ ಕಣೋ.

ನಿನ್ನ ಆ ಕೈ ತಣ್ಣಗಿರಲಿ.

ನಿನ್ನ
ಶಿವು