ಎಕ್ಸ್‌ರೇ ಕೋಣೆಯ ತಾಯತ

ಮೇ ೨೭, ೧೯೬೯, ಶಿರಸಿ

ಇವತ್ತೂ ಎಕ್ಸ್‌ರೇ. ಇವತ್ತೂ ಒಂದು ಮಗುವಿನ ಚೀರಾಟ. ಹಿಡಿದುಕೊಳ್ಳಲು ಆಯಾ ಸಿದ್ದವ್ವ ಇದ್ದಾಳೆ, ನನಗೇನು. ಮುಂಬಯಿಯಿಂದ ಫಿಲ್ಮ್ ಬ್ಯಾಡ್ಜ್ ಬಂತು—ಮೈಗೆ ಎಷ್ಟು ಕಿರಣ ತಗುಲಿತೆಂದು ಅಳೆಯಲು. ಒಂದೇ ಒಂದು ಕಳಿಸಿದ್ದಾರೆ, ದರಿದ್ರರು. ನಾನು ಕಿರಣ ತಡೆಯುವ ಸೀಸದ ಪರದೆಯ ಹಿಂದೆ ನಿಲ್ಲುವವನು, ಅವಳತ್ತಲೇ ಎಸೆದೆ.

ತಿರುಗಿಸಿ ಮುರುಗಿಸಿ ನೋಡಿದಳು. "ಇದೇನ್ರೀ ಡಾಕ್ಟರ್ರ, ತಾಯತೇನ್ರಿ?"

ದಾಸನಕೊಪ್ಪದ ಹಳ್ಳಿಬುದ್ಧಿ! "ಹೌದೇ ಮಾರಾಯ್ತಿ. ಚಂದ್ರನ ಸುತ್ತಿ ಬಂದವ್ರೂ ಇಂಥದ್ದೇ ಕಟ್ಕಂಡಿದ್ರು. ಎಂತಾದ್ರೂ ಆತಾ ಅವ್ರಿಗೆ?" ಎಂದೆ. ಕಣ್ಣಿಗೊತ್ತಿಕೊಂಡಳು. ನಗು ತಡೆಯಲಾಗಲಿಲ್ಲ.

ಜುಲೈ ೧೩

ಊರವರಿಗೆ ಚಂದ್ರಯಾತ್ರೆಯ ಮೇಲೆ ಭಾಷಣ ಬೇಕಂತೆ. ಇವತ್ತು ಮಾಡಿ ಬಂದೆ. ವಾರವಿಡೀ ಲೆಕ್ಕದ ಸ್ಲೈಡ್ ರೂಲ್ ಹಿಡಿದು ಕೂತಿದ್ದೆ—ಅರವತ್ತನೇ ಇಸವಿಯ ನವೆಂಬರಿನಂಥ ಸೌರಬಿರುಗಾಳಿ ನಡುದಾರಿಯಲ್ಲಿ ಎದ್ದರೆ, ನೌಕೆಯ ತೆಳು ಗೋಡೆ ದಾಟಿ ಯಾತ್ರಿಗಳ ಮೈಗೆ ಎಷ್ಟು ವಿಕಿರಣ ಎಂದು. ಗೋಡೆಯ ದಪ್ಪ ಊಹೆ. ಬಿರುಗಾಳಿಯ ಅವಧಿ ಊಹೆ. ಆದರೂ ಉತ್ತರ ಸೊಗಸಾಗಿ ಬಂತು.

ಯಾರಿಗೆ ಹೇಳುವುದು? ಅರ್ಧ ಸಭೆ ತೂಕಡಿಸುತ್ತಿತ್ತು. ಅಧ್ಯಕ್ಷ, ಕಿರಾಣಿ ಅಂಗಡಿಯ ಶಂಕ್ರಪ್ಪ, ಎದ್ದು ಕೇಳಿದ್ದು: "ಹಂಗಾದ್ರ ಗ್ರಹಣದಾಗ ಹೋದ್ರ ಸೂರ್ಯನ ಕಾಟ ಇರಂಗಿಲ್ಲಲ್ರಿ?"

ಇವರಿಗೆ ವಿಜ್ಞಾನ! ಥೂ.

ಆಗಸ್ಟ್ ೨, ಬೆಳಿಗ್ಗೆ

ಮಕ್ಕಳನ್ನು ಹಿಡಿಯುವಾಗ ತೊಡಬೇಕಾದ ಸೀಸದ ಏಪ್ರನ್ ಗೂಟದಲ್ಲೇ ಇದೆ. ಮೇಲೆ ಬೆರಳುದಪ್ಪ ಧೂಳು. ಸಿದ್ದವ್ವನಿಗೆ ಬೈದೆ—ಇಷ್ಟು ದಿನ ಹಾಕಿಕೊಂಡೇ ಇಲ್ಲವಾ?

"ಅದು ಭಾರ ರೀ. ಹೆಂಗೂ ಇದು ಐತಲ್ರಿ." ಸೆರಗು ಸರಿಸಿದಳು. ಕರಿದಾರದಲ್ಲಿ ಬ್ಯಾಡ್ಜು, ಹೊಟ್ಟೆಯ ಮೇಲೆ. "ನೀವ ಹೇಳಿದ್ರಲ್ರಿ, ಕಟ್ಟಿಕೊಂಡ್ರ ಏನೂ ಆಗಂಗಿಲ್ಲಂತ. ನನಗ ಈಗ ನಾಕನೇ ತಿಂಗಳು. ಕೂಸಿಗೂ ಆತು ಅಂತ ಇಲ್ಲೇ ಕಟ್ಟೀನಿ."

ಮಧ್ಯಾಹ್ನ

ಎಕ್ಸ್‌ರೇ ಕೋಣೆಗೆ ಕಾಲಿಡಬೇಡ ಎಂದೆ. ಕಾರಣ ಹೇಳಲಿಲ್ಲ. ಕೆಲಸ ಹೋಯಿತೆಂದು ಜಗಲಿಯಲ್ಲಿ ಅಳುತ್ತಿದ್ದಾಳೆ. ಬ್ಯಾಡ್ಜು ಬಿಚ್ಚಿಸಿ, ಅಳತೆ ನೋಡಿ ತಿಳಿಸಿ ಎಂದು ಟಪಾಲಿಗೆ ಹಾಕಿದೆ. ಮುಂಬಯಿಯಿಂದ ಉತ್ತರ ಬರಲು ತಿಂಗಳಾದರೂ ಬೇಕು.

ಅಲ್ಲಿಯವರೆಗೆ ಕಾಯಲಾರೆ. ನಾನೇ ಲೆಕ್ಕಕ್ಕೆ ಕೂತೆ. ಎಷ್ಟು ಮಕ್ಕಳನ್ನು ಹಿಡಿದಳು? ಎಷ್ಟು ಹತ್ತಿರ ನಿಂತಳು? ನಾನು ಒಂದು ದಿನವೂ ನೋಡಿಲ್ಲ... ಊಹೆಯ ಅಂಕಿ ಬರೆಯಲು ಕೈ ಏಳುತ್ತಿಲ್ಲ. ಅವಳಲ್ಲ, ನಾನು ಮೂರ್ಖ. ನೀಚ ಕೂಡ.

ಸಂಜೆ

ಬಾಗಿಲಲ್ಲಿ ನಿಂತಿದ್ದಾಳೆ. "ಕೆಲಸ ಬ್ಯಾಡಂದ್ರ ಬಿಡ್ರಿ. ನನ್ನ ತಾಯತ ಕೊಡ್ರಿ ಡಾಕ್ಟರ್ರ. ಕೂಸಿಗೆ ಏನಾರ ಆದ್ರ?"

ಹೇಳಲೇಬೇಕು—ಅದು ಕಾಯುವುದಿಲ್ಲ, ಬರೀ ಅಳೆಯುತ್ತದೆ ಎಂದು. ಹೇಗೆ... ಮೊದಲು ಅವಳನ್ನು ಕೂರಿಸಿ, ಆಮೇಲೆ—