ಖಾಲಿ ಕುರ್ಚಿಗಳ ಹಾಜರಿ

ಕ್ಯಾಪ್ಟನ್ ಸಾಹೇಬರಿಗೆ ನಿಮ್ಮ ಹಳೆಯ ಹವಾಲ್ದಾರನ ಸೆಲ್ಯೂಟ್.

ಮಗಳ ಮನೆಯ ಆರೈಕೆಯಲ್ಲಿ ಸೊಂಟನೋವು ಇಳಿದಿರಬೇಕು. ನಮ್ಮ ಮಾಜಿ ಸೈನಿಕರ ಕ್ಲಬ್ಬಿನ ಸ್ಮರಣ ಸಭೆ ಭಾನುವಾರ ಬೆಳಿಗ್ಗೆ ನಡೆಯಿತು. ಪದ್ಧತಿಯಂತೆ ತೀರಿಕೊಂಡವರದ್ದೂ ಸೇರಿ ಎಲ್ಲರ ಕುರ್ಚಿ ಹಾಕಿಸಿ, ಮೊದಲು ತೀರಿಕೊಂಡವರ ಹಾಜರಿ ಕೂಗಿದೆ. ಪ್ರತಿ ವರ್ಷ ಆ ಹೆಸರುಗಳಿಗೆ ಮೌನವೇ ಉತ್ತರ. ಈ ಸಲ ಖಾಲಿ ಕುರ್ಚಿಗಳಿಂದ ಒಂದೊಂದಾಗಿ "ಹಾಜರ್" ಎಂದು ಕೇಳಿಸಿತು. ಬದುಕಿದ್ದಾಗ ಎಲ್ಲದಕ್ಕೂ ತಡವಾಗಿ ಬರುತ್ತಿದ್ದ ನಮ್ಮ ಲಾರಿ ಡ್ರೈವರ್, ಎರಡನೇ ಸಲ ಕೂಗಿದ ಮೇಲೆಯೇ ಓಗೊಟ್ಟ. ಬೇರೆ ಯಾರಿಗೂ ಕೇಳಿಸಲಿಲ್ಲ. ಅಡುಗೆಯವನು ಮಾತ್ರ, "ಯಾಕಣ್ಣಾ, ಮುಖ ಬಿಳಿಚ್ಕೊಂಡಿದೆ, ನೀರು ಕೊಡ್ಲಾ?" ಎಂದ. ನಾನು ಹೆದರುಪುಕ್ಕಲನಲ್ಲ, ನಿಮಗೇ ಗೊತ್ತು. ಓದಿ ಮುಗಿಸಿದೆ.

ಆಮೇಲೆ ಬದುಕಿರುವವರ ಪಟ್ಟಿ. ಮೊದಲ ಹೆಸರು ನಿಮ್ಮದು. ನೀವು ಊರಲ್ಲಿಲ್ಲವೆಂಬುದನ್ನು ಮರೆತು ಕೂಗಿಬಿಟ್ಟೆ. ನಿಮ್ಮ ಖಾಲಿ ಕುರ್ಚಿಯಿಂದ ನಿಮ್ಮದೇ ದನಿ ಬಂತು: "ಇದ್ದೀನಿ ಕಣಯ್ಯ, ಮುಂದೆ ಓದು."

ನಿಮ್ಮ ಹೆಸರನ್ನು ಇನ್ನೂ ಆ ಪಟ್ಟಿಯಿಂದ ತೆಗೆದಿಲ್ಲ. ಈ ಕಾಗದ ತಲುಪಿದ ಕೂಡಲೇ ನಿಮ್ಮ ಕೈಯಾರೆ ಎರಡು ಸಾಲು ಬರೆದು ಹಾಕಿ. ಫೋನ್ ಮಾತ್ರ ಮಾಡಬೇಡಿ, ಸಾಹೇಬರೇ. ನಿಮ್ಮ ದನಿಯನ್ನು ಆಗಲೇ ಕೇಳಿಯಾಗಿದೆ.

ದಿನವೂ ಅಂಚೆಯವನ ದಾರಿ ಕಾಯುತ್ತಿರುವ,
ಕ್ಲಬ್ಬಿನ ಗುಮಾಸ್ತ